ರಟ್ಟೆಯೂ ಬುದ್ಧಿಯೂ

ಮಗನ ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಬೋಲ್ಟೊಂದು ತುಕ್ಕು ಹಿಡಿದು ಕೂತಿತ್ತು. ದೊಡ್ಡಬಳ್ಳಾಪುರದ ಮೆಕ್ಯಾನಿಕ್ ಒಬ್ಬ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಜಗ್ಗಿದ. ಟಕ್ಕೆಂದಿತು. ತಲೆ ಕಿತ್ತುಬಂತು, ಮೈ ಒಳಗೇ ಉಳಿಯಿತು. ‘ಹಬ್ಬೇ ಬದಲಾಯಿಸಬೇಕು’ ಎಂದ.

‘ಬಿಸಿ ಮಾಡಿ ನೋಡಪ್ಪ’ ಎಂದೆ. ‘ನಿಮಗೆ ಇದೆಲ್ಲ ಗೊತ್ತಾಗಲ್ಲ ಬಿಡಿ ಮೇಡಂ’ ಎಂದು ನಕ್ಕ. ಮಗನೂ ನಕ್ಕ!

ಗೊತ್ತಾಗದೆ ಏನು? ಬಿಸಿಯಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆಂದು ಮಕ್ಕಳಿಗೆ ಪಾಠ ಹೇಳಿದವಳು ನಾನು. ಅಲ್ಯೂಮಿನಿಯಂ ಹಬ್ಬು ಹಿಗ್ಗಿದರೆ ಉಕ್ಕಿನ ಬೋಲ್ಟು ಸಡಿಲವಾಗಲೇಬೇಕಲ್ಲ!

ಕೊನೆಗೆ ಚಕ್ರವನ್ನು ಪಕ್ಕದ ಬೀದಿಯ ಮಗ್ಗದ ಫಿಟ್ಟರ್ ಮನೆಗೆ ಒಯ್ದೆ. ಅವರು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಇಟ್ಟರು. ಬೆಳಿಗ್ಗೆ ಎಣ್ಣೆ ಒರೆಸಿ, ಮುರಿದ ತುಂಡಿನ ನಟ್ಟನಡುವೆ ಪಂಚಿನಿಂದ ಗುರುತು ಹೊಡೆದು, ಸಣ್ಣ ತೂತು ಕೊರೆದರು. ಹಬ್ಬನ್ನು ಹದವಾಗಿ ಬಿಸಿ ಮಾಡಿ, ಎಡತಿರುಪಿನ ಎಕ್ಸ್‌ಟ್ರಾಕ್ಟರ್ ಕೂರಿಸಿ ಮೆಲ್ಲಗೆ ಎಡಕ್ಕೆ ತಿರುಗಿಸಿದರು. ತುಂಡು ಸುಮ್ಮನೆ ಹೊರಬಂತು. ಆ ಹೊತ್ತಿಗೆ ಅವರ ಹೆಂಡತಿ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ಪವರ್‌ಲೂಮಿನ ನಟ್ಟು ಬಿಗಿಯುತ್ತಿದ್ದರು. ಅವರನ್ನು ನೋಡಿ ಯಾರೂ ನಗಲಿಲ್ಲ!

ಮೆಕ್ಯಾನಿಕ್ಕನ್ನು ಬೈದು ಪ್ರಯೋಜನವಿಲ್ಲ. ಮಗನಿಗೆ ಸ್ಪ್ಯಾನರ್ ಕೊಟ್ಟು, ಮಗಳನ್ನು ಕಾಫಿ ತರಲು ಕಳಿಸಿದವರು ನಾವೇ ಅಲ್ಲವೇ? ಹುಡುಗಿಗೆ ಸ್ಕೂಟರ್ ಕೊಡಿಸುತ್ತೇವೆ, ಅದರ ಒಂದು ನಟ್ಟನ್ನೂ ಮುಟ್ಟಗೊಡುವುದಿಲ್ಲ. ಮಗಳ ಕೈಗೆ ಸ್ಪ್ಯಾನರ್ ಕೊಡಿ. ಮಗನಿಗೆ, ಜಗ್ಗುವ ಮೊದಲು ಒಂದು ರಾತ್ರಿ ಕಾಯುವುದನ್ನು ಕಲಿಸಿ.