ಪತ್ರಿಕಾ ಛಾಯಾಗ್ರಾಹಕ: ಕಲಾವಿದನೇ, ಪತ್ರಕರ್ತನೇ?

ಪತ್ರಿಕೆಗಳಿಗೆ ಚಿತ್ರ ತೆಗೆಯುವವರನ್ನು ಪತ್ರಕರ್ತರೆನ್ನಬೇಕೇ, ಕಲಾವಿದರೆನ್ನಬೇಕೇ ಎಂಬ ಪ್ರಶ್ನೆ ಹಳೆಯದು. ನಮ್ಮ ಕಾನೂನು ಎರಡೂ ಉತ್ತರಗಳನ್ನು ನೀಡಿದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆಯು ವರದಿಗಾರ, ವ್ಯಂಗ್ಯಚಿತ್ರಕಾರರೊಂದಿಗೆ ಸುದ್ದಿ ಛಾಯಾಗ್ರಾಹಕನನ್ನೂ ಪತ್ರಕರ್ತರ ಸಾಲಿಗೆ ಸೇರಿಸಿತು. 1957ರ ಕೃತಿಸ್ವಾಮ್ಯ ಕಾಯಿದೆಯಾದರೋ ಛಾಯಾಚಿತ್ರವನ್ನು, ಅದರಲ್ಲಿ ಕಲಾಗುಣ ಇರಲಿ ಬಿಡಲಿ, ಕಲಾಕೃತಿಯೆಂದೇ ಪರಿಗಣಿಸುತ್ತದೆ.

ಇವುಗಳಲ್ಲಿ ಯಾವುದು ಮಿಗಿಲೆಂದು ತಿಳಿಯಲು ಮುಂಬಯಿವಾಸಿಗಳಾದ ನಾವು ದೂರ ಹೋಗಬೇಕಾಗಿಲ್ಲ. ಕುರ್ಲಾದಿಂದ ಲೋಕಲ್ ಹಿಡಿದ ನಮ್ಮವರು ನಿತ್ಯ ಇಳಿಯುವ ವಿ.ಟಿ. ನಿಲ್ದಾಣದಲ್ಲಿ 2008ರ ನವೆಂಬರ್ 26ರ ರಾತ್ರಿ ಗುಂಡಿನ ಸದ್ದು ಮೊಳಗಿತು. ಅಂದು 'ಮುಂಬಯಿ ಮಿರರ್' ಪತ್ರಿಕೆಯಲ್ಲಿದ್ದ ಸೆಬಾಸ್ಟಿಯನ್ ಡಿಸೋಜಾ ಎದುರಿನ ಕಚೇರಿಯಿಂದ ಕ್ಯಾಮೆರಾ ಹಿಡಿದು ಧಾವಿಸಿದರು. ರೈಲು ಬೋಗಿಯ ಮರೆಯಿಂದ ಅವರು ತೆಗೆದ ಚಿತ್ರದಲ್ಲಿ ಬಂದೂಕುಧಾರಿ ಅಜ್ಮಲ್ ಕಸಬ್‌ನನ್ನು ಲೋಕವೇ ಕಂಡಿತು. ಪ್ರಾಣಭಯದ ನಡುವೆಯೂ ಬೆಳಕು, ಕೋನ, ಕ್ಷಣಗಳ ಮೇಲೆ ಹಿಡಿತ ಉಳಿಸಿಕೊಳ್ಳುವುದು ಕಲೆಯೇ ಸರಿ. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. 2009ರಲ್ಲಿ ಅವರು ವಿಶೇಷ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಸಾಕ್ಷ್ಯ ನುಡಿದು, ಆರೋಪಿಯನ್ನು ಗುರುತಿಸಿದರು. 2012ರ ಆಗಸ್ಟ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಡಿಸೋಜಾ ಹಾಗೂ 'ಟೈಮ್ಸ್ ಆಫ್ ಇಂಡಿಯಾ'ದ ಶ್ರೀರಾಮ್ ವೆರ್ಣೇಕರ್ ಅವರನ್ನು ಶ್ಲಾಘಿಸಿತು. ಅದೇ ತೀರ್ಪು ಭದ್ರತಾ ಕಾರ್ಯಾಚರಣೆಯನ್ನು ನೇರ ಪ್ರಸಾರ ಮಾಡಿದ ಟಿ.ವಿ. ವಾಹಿನಿಗಳನ್ನು ಖಂಡಿಸಿತು. ಕ್ಯಾಮೆರಾ ಇಬ್ಬರ ಕೈಯಲ್ಲೂ ಇತ್ತು. ಹೊಣೆಗಾರಿಕೆ ಒಬ್ಬರಲ್ಲಿ ಮಾತ್ರ ಕಂಡಿತು.

ಕಲಾಕೃತಿಯು ಕರ್ತೃವಿನ ನೆರವಿಲ್ಲದೆಯೂ ನಿಲ್ಲಬಲ್ಲದು. ಸುದ್ದಿಚಿತ್ರ ಹಾಗಲ್ಲ, 'ನಾನು ಅಲ್ಲಿದ್ದೆ, ಕಂಡದ್ದು ಇದು' ಎಂದು ಹೇಳುವ ವ್ಯಕ್ತಿ ಅದರ ಹಿಂದಿರಬೇಕು. ಹಾಗೆಂದು ಕಲೆ ಅದಕ್ಕೆ ಹೊರತಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923–2009) 'ಡೆಕ್ಕನ್ ಹೆರಾಲ್ಡ್' ಮೊದಲಾದ ಪತ್ರಿಕೆಗಳಿಗೆ ದುಡಿದವರು. ಸಾಮಾನ್ಯರ ದಿನನಿತ್ಯದ ಬದುಕೇ ಅವರ ವಸ್ತು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರಲ್ಲಿ ಕಲೆ ಸತ್ಯಕ್ಕೆ ಸೊಬಗು ತಂದಿತೇ ಹೊರತು ಅದನ್ನು ಮರೆಮಾಚಲಿಲ್ಲ.

ಈ ವಿವೇಚನೆ ಇಂದು ನಮಗೆ ಹಿಂದೆಂದಿಗಿಂತ ಅಗತ್ಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು, ಮಿಠಿ ನದಿ ಉಕ್ಕಿ ಕುರ್ಲಾ ಜಲಾವೃತವಾದುದಕ್ಕೆ ಅಂದಿನ ಪತ್ರಿಕಾಚಿತ್ರಗಳು ಸಾಕ್ಷಿಯಾಗಿವೆ. ಈಗ ಮಳೆಗಾಲ ಬಂತೆಂದರೆ ಹಳೆಯ ಚಿತ್ರಗಳು ಇಂದಿನವೆಂಬ ಸೋಗಿನಲ್ಲಿ ಮೊಬೈಲ್‌ಗಳಲ್ಲಿ ಸಂಚರಿಸುತ್ತವೆ. ಕೃತಕ ಬುದ್ಧಿಮತ್ತೆಯಂತೂ ಸುರಿಯದ ಮಳೆಯನ್ನೂ ಬಾರದ ನೆರೆಯನ್ನೂ ಸುಂದರವಾಗಿ ಚಿತ್ರಿಸಿಕೊಡಬಲ್ಲದು. ಅದಕ್ಕೆ ಸಾಕ್ಷಿ ಹೇಳಲು ಮಾತ್ರ ಬಾರದು.

ಆದುದರಿಂದ ಛಾಯಾಗ್ರಾಹಕ ಮೊದಲು ಪತ್ರಕರ್ತ, ಅನಂತರ ಕಲಾವಿದ. ಓದುಗರಾದ ನಮಗೂ ಒಂದು ಕರ್ತವ್ಯವಿದೆ: ಚಿತ್ರವನ್ನು ನಂಬುವ ಮುನ್ನ, ಇನ್ನೊಬ್ಬರಿಗೆ ರವಾನಿಸುವ ಮುನ್ನ, ಅದರ ಅಡಿಯಲ್ಲಿ ತೆಗೆದವರ ಹೆಸರಿದೆಯೇ ಎಂದು ನೋಡೋಣ. ಹೆಸರಿಲ್ಲದ ಚಿತ್ರಕ್ಕೆ ಉತ್ತರದಾಯಿಗಳೂ ಇರುವುದಿಲ್ಲ.