ಒಂದೇ ಗುಂಡಿಗೆ ಸಾಯೋ ಹೀರೋ

“ಇದೇನ್ಲಾ, ಗುಂಡ್ ಬಿದ್ರೂ ಸಾಯಕಿಲ್ವಲ್ಲ ಇವನು?”

ಕಳೆದ ದೀಪಾವಳಿಗೆ ಹೊಳಲಿಗೆ ಹೋಗಿದ್ದಾಗ ನಮ್ಮ ದೊಡ್ಡಪ್ಪನ ಮಗ ಕೇಳಿದ ಪ್ರಶ್ನೆ ಇದು. ಲ್ಯಾಪ್‌ಟಾಪನ್ನು ಅವರ ಮನೆ ಟೀವಿಗೆ ಸಿಕ್ಕಿಸಿ, ಬೆಂಗಳೂರಿಂದ ತಂದಿದ್ದ ಎರಡು ಕಂಟ್ರೋಲರಲ್ಲಿ ಒಂದನ್ನು ಅಣ್ಣನ ಕೈಗೆ ಕೊಟ್ಟಿದ್ದೆ. ಆಟ ‘ಕಾಂಟ್ರಾ: ಆಪರೇಷನ್ ಗಲೂಗಾ’. 1987ರಲ್ಲಿ ಜಪಾನಿನ ಕೊನಾಮಿ ಕಂಪನಿ ತಂದ ಕಾಂಟ್ರಾವನ್ನು ವೇಫಾರ್ವರ್ಡ್ ಅನ್ನೋ ಸ್ಟುಡಿಯೋದವರು ಮತ್ತೆ ಹೊಸದಾಗಿ ಕಟ್ಟಿದ್ದಾರೆ. 2024ರ ಮಾರ್ಚ್‌ನಲ್ಲಿ ಬಿಡುಗಡೆ ಆಯ್ತು.

ಅಣ್ಣ ಕೇಳಿದ್ದು ಸರಿಯಾಗೇ ಇತ್ತು. ಹಳೇ ಕಾಂಟ್ರಾ ಆಡಿದವರಿಗೆ ಗೊತ್ತು, ಒಂದು ಗುಂಡು ತಾಗಿದರೆ ಹೀರೋ ಕಥೆ ಮುಗೀತು. ಇರೋದು ಮೂರೇ ಲೈಫು. ಹೊಸದರಲ್ಲಿ ಹೆಲ್ತ್ ಬಾರ್ ಇದೆ, ಒಂದೆರಡು ಏಟು ತಡ್ಕೋತಾನೆ. ಬೇಡ ಅನ್ನೋರು ಸೆಟ್ಟಿಂಗಿನಲ್ಲಿ ಹಳೇ ಥರ ಒಂದೇ ಏಟಿಗೆ ಸಾಯೋ ಹಾಗೆ ಬದಲಿಸ್ಕೋಬಹುದು. ಈ ಬಾರ್ ಬೇಕಾ ಬೇಡವಾ ಅನ್ನೋದರ ಮೇಲೆ ನನಗೆ ಬಹಳ ಗಟ್ಟಿಯಾದ ಅಭಿಪ್ರಾಯ ಇತ್ತು. ಇತ್ತು :)

ಸ್ವಲ್ಪ ಹಳೇ ಕಥೆ ಹೇಳಲೇಬೇಕು. ನಮ್ಮೂರಲ್ಲಿ ಯಾರೂ ಅದನ್ನ ನಿಂಟೆಂಡೊ ಅಂತಿರಲಿಲ್ಲ, ‘ಟೀವಿ ಗೇಮು’ ಅಷ್ಟೇ. ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್‌ನ ಅಗ್ಗದ ನಕಲು ಅದು ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ. 2006ರ ಸುಮಾರಿಗೆ, ಕಬ್ಬಿನ ದುಡ್ಡು ಬಂದ ವಾರ, ದೊಡ್ಡಪ್ಪ ಮಂಡ್ಯದಿಂದ ತಂದಿದ್ದರು. ಜೊತೆಗಿದ್ದ ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತ ಬರೆದಿತ್ತು. ಒಳಗೆ ಇದ್ದದ್ದು ಹತ್ತಿಪ್ಪತ್ತು ಆಟ, ಅವನ್ನೇ ಹೆಸರು ಬದಲಿಸಿ ಬದಲಿಸಿ ಪಟ್ಟಿ ಮಾಡಿದ್ದರು. (ಡುಪ್ಲಿಕೇಟ್ ಡೇಟಾದ ಮೊದಲ ಪಾಠ ನನಗೆ ಆಗಿದ್ದು ಅಲ್ಲೇ.) ಕಾಂಟ್ರಾ ಬೇರೆ ಕ್ಯಾಸೆಟ್ಟು. ಅಣ್ಣ ಮಂಡ್ಯದ ಸ್ಕೂಲಿನ ಗೆಳೆಯನ ಹತ್ತಿರ ಇಸ್ಕೊಂಡು ಬಂದವನು ವಾಪಸ್ ಕೊಡಲೇ ಇಲ್ಲ.

ಎಂಟು ಸ್ಟೇಜು. ಸೇವ್ ಅನ್ನೋದು ಇಲ್ಲ. ಕರೆಂಟ್ ಹೋದರೆ ಮತ್ತೆ ಮೊದಲಿಂದ, ಆಗ ನಮ್ಮೂರಲ್ಲಿ ಕರೆಂಟ್ ಇರೋದೇ ವಿಶೇಷ. ಮೂರನೇ ಸ್ಟೇಜು ಜಲಪಾತ. ಇಬ್ಬರೂ ಕಲ್ಲಿಂದ ಕಲ್ಲಿಗೆ ಹಾರಿ ಮೇಲೆ ಹತ್ತಬೇಕು, ಒಬ್ಬ ಆತುರ ಪಟ್ಟರೆ ಪರದೆ ಮೇಲೆ ಸರಿದು ಕೆಳಗಿದ್ದವನು ಸತ್ತ. “ಒಸಿ ತಡ್ಯಣ್ಣ!” ಅಂತ ನಾನು ಕಿರುಚೋದು, ಅವನು “ಬಾರ್ಲಾ ಬೇಗ!” ಅನ್ನೋದು, ಒಳಗಿಂದ ಅವ್ವ ಇಬ್ಬರಿಗೂ ಬೈಯೋದು. ಇನ್ನೊಂದು ಮಜಾ ಅಂದ್ರೆ, ನಮ್ಮ ಲೈಫ್ ಮುಗಿದರೆ ಜೊತೆಗಾರನ ಲೈಫಿನಲ್ಲಿ ಒಂದು ತಗೊಳ್ಳಬಹುದಿತ್ತು. ಅಣ್ಣನ ಎಷ್ಟು ಲೈಫ್ ತಿಂದಿದ್ದೀನೋ ಲೆಕ್ಕ ಇಲ್ಲ.

30 ಲೈಫಿನ ಕೋಡ್ ಗೊತ್ತಲ್ಲ? ಮೇಲೆ ಮೇಲೆ ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಇದು ಮೊದಲು ಬಂದಿದ್ದು ಕಾಂಟ್ರಾದಲ್ಲಲ್ಲ, 1986ರ ಗ್ರಾಡಿಯಸ್ ಆಟದಲ್ಲಿ. ಅದನ್ನು ಫ್ಯಾಮಿಕಾಮ್‌ಗೆ ತಂದ ಕಜುಹಿಸಾ ಹಶಿಮೊಟೊಗೆ ಆಟ ಎಷ್ಟು ಕಷ್ಟ ಆಯ್ತು ಅಂದ್ರೆ, ಟೆಸ್ಟ್ ಮಾಡೋಕೆ ಅಂತ ತನಗೇ ಒಂದು ಕಳ್ಳದಾರಿ ಬರ್ಕೊಂಡ. ಅದು ಹಾಗೇ ಆಟದಲ್ಲಿ ಉಳ್ಕೊಂಡು ಬಿಡ್ತು. ಡೀಬಗ್ ಕೋಡ್ ತೆಗೀದೆ ರಿಲೀಸ್ ಮಾಡಿದರೆ ನಮ್ಮ ಆಫೀಸಿನಲ್ಲಿ ಮ್ಯಾನೇಜರು ಉಗೀತಾರೆ, ಅವನಿಗೆ ಲೋಕವೇ ನಮಸ್ಕಾರ ಹೇಳ್ತು. 2020ರಲ್ಲಿ ತೀರ್ಕೊಂಡ.

ಸರಿ, ಒಂದೇ ಗುಂಡಿನ ವಿಷಯಕ್ಕೆ ಬರ್ತೀನಿ. ಹಳೇ ಆಟಗಳು ಕಾಸು ಕೀಳೋಕೆ ಕಷ್ಟ ಇಟ್ಟಿದ್ದು ಅಂತ ಹೇಳ್ತಾರೆ. ಆರ್ಕೇಡಿನಲ್ಲಿ ಸತ್ತರೆ ಇನ್ನೊಂದು ಕಾಯಿನ್ ಹಾಕಬೇಕಲ್ಲ, ಆದ್ದರಿಂದ ಆ ಮಾತಲ್ಲಿ ಸತ್ಯ ಇದೆ. ಆದರೆ ಕಾಂಟ್ರಾ ಮೋಸದ ಆಟ ಅಲ್ಲ. ಗುಂಡು ನಿಧಾನಕ್ಕೆ, ಕಣ್ಣಿಗೆ ಕಾಣೋ ಹಾಗೆ ಬರುತ್ತೆ. ಸತ್ತರೆ ತಪ್ಪು ನಮ್ಮದೇ. ಒಂದೇ ಏಟು ಅಂತ ಗೊತ್ತಿದ್ದಾಗ ಪ್ರತಿ ಗುಂಡನ್ನೂ ನೋಡ್ತೀವಿ, ಯಾವ ಪೊದೆ ಹಿಂದೆ ಯಾವನಿದ್ದಾನೆ ಅಂತ ನೆನಪಿಟ್ಕೋತೀವಿ. ಬಾರ್ ಇದ್ದರೆ ‘ಒಂದ್ ತಗುಲಿದ್ರೆ ತಗುಲ್ಲಿ’ ಅಂತ ನುಗ್ತೀವಿ. ಅಲ್ಲಿಗೆ ಅದು ಕಾಂಟ್ರಾ ಅಲ್ಲ, ಜಾತ್ರೆಯಲ್ಲಿ ನುಗ್ಗಾಟ. ಬಾರ್ ಇಟ್ಕೊಂಡು ಆಡೋರು ಕಾಂಟ್ರಾ ಆಡೇ ಇಲ್ಲ ಅಂತ ಆಫೀಸಿನಲ್ಲಿ ಊಟದ ಹೊತ್ತಿಗೆ ವಾದ ಮಾಡಿದವನು ನಾನು.

ಆದ್ದರಿಂದ ಅಣ್ಣ ಕೇಳಿದ ತಕ್ಷಣ ಖುಷಿಯಾಗಿ ಒಂದೇ ಏಟಿನ ಸೆಟ್ಟಿಂಗ್ ಹಾಕಿದೆ.

ಸತ್ತೆವು ನೋಡಿ! ಅದರಲ್ಲೂ ಅಣ್ಣ ನನ್ನ ಎರಡರಷ್ಟು. ಮೊದಲು ನಕ್ಕೆ. ಆಮೇಲೆ ಅವನ ಕೈ ನೋಡಿದೆ. ಐದು ವರ್ಷದ ಹಿಂದೆ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈ ತೋರುಬೆರಳು ಸಿಕ್ಕಿಹಾಕ್ಕೊಂಡು ಅರ್ಧ ಹೋಯ್ತು. ನನಗೆ ಗೊತ್ತಿಲ್ಲದ್ದಲ್ಲ, ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದಿದ್ದೆ. ಕಂಟ್ರೋಲರ್ ಕೊಡುವಾಗ ನೆನಪೇ ಆಗಲಿಲ್ಲ.

ಹಳೇ ಕಾಂಟ್ರಾ ಗೆಲ್ಲೋದು ಕಷ್ಟ, ಹಿಡಿಯೋದು ಸುಲಭ. ಹಾರೋಕೆ ಒಂದು ಬಟನ್ನು, ಹೊಡೆಯೋಕೆ ಒಂದು. ಎರಡು ಹೆಬ್ಬೆರಳಿದ್ದರೆ ಆಯ್ತು. ಹೊಸದರಲ್ಲಿ ಎರಡು ಸಲ ಹಾರೋದು, ಡ್ಯಾಶ್, ಗನ್ ಬದಲಿಸೋದು, ನಿಂತಲ್ಲೇ ನಿಂತು ಗುರಿ ಹಿಡಿಯೋದು, ಇರೋ ಗನ್ನನ್ನು ಬಲಿ ಕೊಟ್ಟು ವಿಶೇಷ ಶಕ್ತಿ ಪಡೆಯೋದು ಅಂತ ನೂರೆಂಟು. ಕೆಲವಕ್ಕೆ ತೋರುಬೆರಳು ಬೇಕೇ ಬೇಕು. ಬಾಸ್‌ಗಳು ಕೂಡ ಇದೆಲ್ಲ ಬಳಸ್ತಾರೆ ಅಂತ ಅಂದುಕೊಂಡೇ ಪರದೆ ತುಂಬ ಗುಂಡು ಚೆಲ್ತವೆ. ಅಂದರೆ ಒಂದೇ ಏಟಿನ ನಿಯಮ ಹಳೇದಾದರೂ ಅದರ ಸುತ್ತ ಇರೋ ಆಟ ಬೇರೆ. ನಾನು ‘ಅಸಲಿ ಕಾಂಟ್ರಾ’ ಅಂತ ಜಂಬ ಪಡ್ತಿದ್ದದ್ದು ಅಸಲಿಯೇ ಅಲ್ಲ ಅಂತ ಹೊಳೆದಿದ್ದು ಆವಾಗ.

“ಬಾರ್ ಹಾಕ್ಲಾ ಅಣ್ಣ?” ಅಂದೆ. “ಬ್ಯಾಡ ಸುಮ್ಕಿರು” ಅಂದ. ಇನ್ನೊಂದು ಹತ್ತು ಸಲ ಸತ್ತ ಮೇಲೆ, ಟೀವಿ ನೋಡ್ಕೊಂಡೇ, “ಹಾಕು, ಮುಂದ್ಕೇನೈತೆ ನೋಡವ” ಅಂದ.

ಹಾಕಿದೆ. ನಿಜ ಹೇಳಬೇಕಂದ್ರೆ ಒಬ್ಬನೇ ಆಡುವಾಗ ಈಗಲೂ ನಾನು ಒಂದೇ ಏಟಿನಲ್ಲೇ ಆಡ್ತೀನಿ, ಅದರ ರುಚಿಯೇ ಬೇರೆ. ಬಾರ್ ಇಟ್ಟೋರು ಆಡೇ ಇಲ್ಲ ಅನ್ನೋ ಮಾತನ್ನ ಮಾತ್ರ ವಾಪಸ್ ತಗೊಂಡಿದ್ದೀನಿ. ಆ ಸೆಟ್ಟಿಂಗ್ ಇಟ್ಟವನು ಯಾರೋ, ಪುಣ್ಯಾತ್ಮ.

ಅಂದ ಹಾಗೆ ಈ ಆಟದ ಮೇಲೆ ಬಂದ ದೊಡ್ಡ ದೂರು ಬೇರೆ: ಆನ್‌ಲೈನಿನಲ್ಲಿ ಇಬ್ಬರು ಸೇರಿ ಆಡೋ ಹಾಗಿಲ್ಲ, ಜೊತೆಗಾರ ಪಕ್ಕದಲ್ಲೇ ಕೂತಿರಬೇಕು. ನಾನೂ ಬೈದಿದ್ದೆ. ಬೆಂಗಳೂರಿನ ರೂಮಿನಲ್ಲಿ ತಿಂಗಳುಗಟ್ಟಲೆ ಎರಡನೇ ಕಂಟ್ರೋಲರ್ ಡಬ್ಬದಲ್ಲೇ ಇತ್ತು. ಹೊಸ ಹೈವೇ ಆದ ಮೇಲೆ ಮಂಡ್ಯ ಏನು ದೂರ ಅಂತ ನೀವು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ರಾತ್ರಿ ಹತ್ತರ ಹೊತ್ತಿಗೆ ಜಲಪಾತಕ್ಕೆ ಬಂದಿದ್ದೆವು. ಅಣ್ಣ ಎರಡು ಕಲ್ಲು ಮೇಲಿದ್ದ, ನಾನು ಕೆಳಗೆ. ಅಷ್ಟರಲ್ಲಿ ಅವನ ಫೋನ್ ಬಡ್ಕೊಳ್ತು. ತೋಟದಲ್ಲಿ ತ್ರೀ ಫೇಸ್ ಬಂದಿದೆ, ಮೋಟರ್ ಹಾಕಬೇಕು. ಆಗೆಲ್ಲ ಕರೆಂಟ್ ಹೋಗಿ ಆಟ ನಿಲ್ತಿತ್ತು, ಈಗ ಬಂದು ನಿಲ್ತು.

ಕಂಟ್ರೋಲರ್ ಮಂಚದ ಮೇಲಿಟ್ಟು ಟಾರ್ಚ್ ತಗೊಂಡ. “ಆಫ್ ಮಾಡ್ಬ್ಯಾಡ ಕಣ್ಲಾ, ನೀರ್ ಕಟ್ಬುಟ್ ಬತ್ತೀನಿ.”

ಪಾಸ್ ಒತ್ತಿ ಕೂತೆ.