ಡಕೋಟಾ ವಿಮಾನದ ಬಾಗಿಲೂ ಕಮಲಾಪುರದ ತಗಡಿನ ಕೆಲಸವೂ

ಕಳೆದ ಬೇಸಿಗೆಯಲ್ಲಿ ನಾವು ಕೆಲವು ವಿದ್ಯಾರ್ಥಿಗಳೊಡನೆ ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿ ಹಿಡಿದು ಕಮಲಾಪುರಕ್ಕೆ ಹೋಗಿದ್ದೆವು. ಕೆಂಪು ಬಾಳೆಗೆ ಹೆಸರಾದ ಆ ಊರಿನಲ್ಲಿ ನಮ್ಮ ಗಮನವನ್ನು ಸೆಳೆದದ್ದು ಬಾಳೆಯ ತೋಟವಲ್ಲ, ರಸ್ತೆಯ ಬದಿಯಲ್ಲಿದ್ದ ಒಂದು ತಗಡಿನ ಕೆಲಸದ ಅಂಗಡಿ. ಹಳೆಯ ಬಸ್ಸೊಂದರ ಬಾಗಿಲನ್ನು ಕಳಚಿ ಎರಡು ಕಲ್ಲುಗಳ ಮೇಲೆ ಮಲಗಿಸಿದ್ದರು. ಅದರ ಕೆಳ ಅಂಚಿನ ಅಲ್ಯೂಮಿನಿಯಂ ತಗಡು ತೂತುಬಿದ್ದು ಬಿಳಿಯ ಪುಡಿಯಾಗಿ ಉದುರುತ್ತಿತ್ತು. ನಮ್ಮ ವಿದ್ಯಾರ್ಥಿಯೊಬ್ಬನು, "ಕಾಕಾ, ತೂತಿನ ಮ್ಯಾಲ ಒಂದು ತಗಡು ಬಡದು ಬಣ್ಣ ಹಚ್ಚಿದ್ರ ಆಗಂಗಿಲ್ಲೇನ್ರಿ?" ಎಂದು ಕೇಳಿದನು. ಕೆಲಸಗಾರರು ತಲೆಯೆತ್ತದೆಯೇ ಉತ್ತರವಿತ್ತರು: "ಹಚ್ಚಬಹುದು ತಮ್ಮಾ. ಆದ್ರ ನೀರು ಎಲ್ಲಿಂದ ಬರ್ತದ ಅಂತ ಮೊದಲ ನೋಡಬೇಕು. ಅದನ್ನ ನೋಡಲಾರದ ಹಚ್ಚಿದ್ರ ಮುಂದಿನ ಮಳಿಗಾಲಕ್ಕ ಮತ್ತ ಇಲ್ಲಿಗೇ ಬರ್ತೀರಿ."

ಅವರು ನಮಗೆ ಎರಡು ಸಂಗತಿಗಳನ್ನು ತೋರಿಸಿದರು. ಒಳಗೆ ಸೇರಿದ ನೀರು ಹೊರಗೆ ಹರಿದುಹೋಗಲೆಂದು ಬಾಗಿಲಿನ ತಳದಲ್ಲಿ ಬಿಟ್ಟಿದ್ದ ಸಣ್ಣ ರಂಧ್ರಗಳು ಹಲವು ಸಲ ಬಳಿದ ಬಣ್ಣದಿಂದ ಮುಚ್ಚಿಹೋಗಿದ್ದವು. ಅಲ್ಲದೆ, ತಗಡು ಎಲ್ಲೆಡೆಯೂ ಸಮನಾಗಿ ಕೆಟ್ಟಿರಲಿಲ್ಲ. ಕಬ್ಬಿಣದ ಬೋಲ್ಟುಗಳ ಸುತ್ತಲೇ ಹೆಚ್ಚು ಕೆಟ್ಟಿತ್ತು. ಆದುದರಿಂದ ಅವರು ಹೊಸ ತಗಡನ್ನು ಕೂಡಿಸುವಾಗ ಕಬ್ಬಿಣಕ್ಕೂ ಅದಕ್ಕೂ ನಡುವೆ ರಬ್ಬರಿನ ಪಟ್ಟಿಯನ್ನು ಇಡುತ್ತಿದ್ದರು. ಎರಡು ಬೇರೆ ಬೇರೆ ಲೋಹಗಳೂ ಅವುಗಳ ನಡುವೆ ತುಸು ತೇವವೂ ಸೇರಿದರೆ ವಿದ್ಯುತ್ಕೋಶವಾಗುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವರೇ. ಆದರೆ ಕಣ್ಣೆದುರಿಗೆ ಮಲಗಿದ್ದ ಆ ಕೋಶವನ್ನು ಅವರಲ್ಲಿ ಒಬ್ಬನೂ ಗುರುತಿಸಲಿಲ್ಲ. ತಪ್ಪು ಅವರದಲ್ಲ, ಕಲಿಸಿದ ನಮ್ಮದು.

ಹಿಂದಿರುಗುವ ದಾರಿಯಲ್ಲಿ ಮಾತು ವಿಮಾನದತ್ತ ಹೊರಳಿತು. 2019ರ ನವೆಂಬರ್ 22ರಂದು ಕಲಬುರಗಿಯ ವಿಮಾನ ನಿಲ್ದಾಣದ ಉದ್ಘಾಟನೆಯಾದ ಮೇಲೆ ನಮ್ಮ ಕಡೆಯ ಹುಡುಗರಿಗೆ ವಿಮಾನವೆಂಬುದು ಕೇವಲ ಮೋಡದಲ್ಲಿ ಕಾಣುವ ವಸ್ತುವಾಗಿ ಉಳಿದಿಲ್ಲ. "ವಿಮಾನದ ಬಾಗಿಲೂ ಹೀಗೆಯೇ ಕೆಡುವುದೇ?" ಎಂದು ಒಬ್ಬಳು ಕೇಳಿದಳು. ಕೆಡುವುದು. ಅದನ್ನು ಹೇಗೆ ಸರಿಪಡಿಸಬೇಕೆಂಬುದೇ ಈ ಲೇಖನದ ವಿಷಯ.

ಉದಾಹರಣೆಗೆ ಡಕೋಟಾ ವಿಮಾನವನ್ನು ತೆಗೆದುಕೊಳ್ಳೋಣ. 1935ರ ಡಿಸೆಂಬರ್ 17ರಂದು ಮೊದಲು ಹಾರಿದ ಡಿಸಿ-3 ಎಂಬ ಪ್ರಯಾಣಿಕ ವಿಮಾನದ ಸೇನಾರೂಪವೇ ಸಿ-47. ಇದನ್ನೇ ಬ್ರಿಟಿಷರು ಡಕೋಟಾ ಎಂದು ಕರೆದರು. ನಮ್ಮಲ್ಲಿಯೂ ಅದೇ ಹೆಸರು ನಿಂತಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವು ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಅಲ್ಲಿಗೆ ಬಂದ ವಿಮಾನಗಳಲ್ಲಿ ಡಕೋಟಾಗಳೂ ಇದ್ದವು. ಅಂದರೆ ಈ ವಿಮಾನದ ತಗಡನ್ನು ಬಿಚ್ಚಿ ಕೂಡಿಸುವ ವಿದ್ಯೆ ಕನ್ನಡನಾಡಿಗೆ ಎಂಬತ್ತು ವರ್ಷಗಳ ಹಿಂದೆಯೇ ಬಂದಿತ್ತು. 1947ರ ಅಕ್ಟೋಬರ್ 27ರ ಬೆಳಿಗ್ಗೆ ಸಿಖ್ ರೆಜಿಮೆಂಟಿನ ಮೊದಲನೆಯ ಬೆಟಾಲಿಯನ್ನಿನ ಯೋಧರು ದೆಹಲಿಯಿಂದ ಶ್ರೀನಗರಕ್ಕೆ ಹೋಗಿ ಇಳಿದದ್ದು ಡಕೋಟಾಗಳ ಬಾಗಿಲಿನಿಂದಲೇ. 1948ರ ಮೇ ತಿಂಗಳಿನಲ್ಲಿ ಮೆಹರ್ ಸಿಂಗ್ ಅವರು, ನಮ್ಮ ಕೊಡಗಿನ ತಿಮ್ಮಯ್ಯನವರನ್ನು ಜೊತೆಯಲ್ಲಿ ಕೂರಿಸಿಕೊಂಡು, ಹತ್ತು ಸಾವಿರ ಅಡಿಗಿಂತಲೂ ಎತ್ತರದಲ್ಲಿರುವ ಲೇಹ್‌ನಲ್ಲಿ ಇಳಿಸಿದ್ದೂ ಇಂಥದೇ ವಿಮಾನವನ್ನು.

ಡಿಸಿ-3ಕ್ಕೂ ಸಿ-47ಕ್ಕೂ ಇರುವ ಮುಖ್ಯ ವ್ಯತ್ಯಾಸಗಳಲ್ಲಿ ಒಂದು ಬಾಗಿಲೇ ಆಗಿದೆ. ಪ್ರಯಾಣಿಕರಿಗೆ ಸಣ್ಣ ಬಾಗಿಲು ಸಾಕು. ಜೀಪು, ಫಿರಂಗಿ, ಧಾನ್ಯದ ಮೂಟೆಗಳಿಗೆ ಸಾಲದು. ಆದುದರಿಂದ ಎಡಮಗ್ಗುಲಲ್ಲಿ, ರೆಕ್ಕೆಯ ಹಿಂದೆ, ಸುಮಾರು 7 ಅಡಿ ಅಗಲದ ಎರಡು ಕದಗಳ ಬಾಗಿಲನ್ನು ಇಟ್ಟರು. ಮುಂದಿನ ಕದದೊಳಗೆ ಇನ್ನೊಂದು ಚಿಕ್ಕ ಬಾಗಿಲುಂಟು. ಪ್ಯಾರಾಚೂಟ್ ಯೋಧರು ಧುಮುಕುತ್ತಿದ್ದುದು ಅಲ್ಲಿಂದ.

ಇಷ್ಟು ದೊಡ್ಡ ರಂಧ್ರವನ್ನು ಕೊರೆಯುವುದು ಎಷ್ಟು ಗಂಭೀರವಾದ ವಿಷಯವೆಂಬುದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ದಪ್ಪ ಕಾಗದದ ಹಾಳೆಯೊಂದನ್ನು ಸುರುಳಿ ಸುತ್ತಿ, ಅಂಚನ್ನು ಅಂಟಿಸಿ, ಕೊಳವೆ ಮಾಡಿರಿ. ಎರಡು ತುದಿಗಳನ್ನು ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿರಿ. ಕೊಳವೆ ಗಟ್ಟಿಯಾಗಿ ಎದುರಿಸುವುದು. ಈಗ ಅದರ ಮಗ್ಗುಲಲ್ಲಿ ಕತ್ತರಿಯಿಂದ ಒಂದು ಕಿಟಕಿಯನ್ನು ತೆಗೆದು ಮತ್ತೆ ತಿರುಚಿರಿ. ಕಿಟಕಿಯ ಮೂಲೆಗಳು ಸುಕ್ಕುಗಟ್ಟಿ ಕೊಳವೆ ಸೋಲುವುದು. ವಿಮಾನದ ಒಡಲೂ ಇಂತಹ ಕೊಳವೆಯೇ. ಬಾಲದ ರೆಕ್ಕೆಗಳ ಮೇಲೆ ಗಾಳಿಯ ಬಲ ಬಿದ್ದಾಗ ಅದು ತಿರುಚಿಕೊಳ್ಳುತ್ತದೆ. ಆ ಬಲವು ತೆಳು ತಗಡಿನ ಮೂಲಕವೇ ಸಾಗಬೇಕು. ದಾರಿಯಲ್ಲಿ ರಂಧ್ರ ಬಂದರೆ ಬಲವೆಲ್ಲ ಅದರ ಮೂಲೆಗಳಲ್ಲಿ ಕಿಕ್ಕಿರಿಯುತ್ತದೆ. ಆದುದರಿಂದಲೇ ರಂಧ್ರದ ಸುತ್ತ ದಪ್ಪನಾದ ಚೌಕಟ್ಟನ್ನು ಕೊಟ್ಟು, ಮೂಲೆಗಳನ್ನು ದುಂಡಗೆ ಮಾಡುತ್ತಾರೆ. ಹಳೆಯ ವಿಮಾನದ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕದವನ್ನು ಉಜ್ಜಿ ಸಣ್ಣದು ಮಾಡುವವರುಂಟು. ಆದರೆ ಸೊಟ್ಟಗಾಗಿರುವುದು ಕದವೋ ಒಡಲೋ ಎಂದು ಮೊದಲು ಅಳೆಯಬೇಕು. ಒಡಲು ಸೊಟ್ಟಗಾಗಿದ್ದರೆ, ಬಾಗಿಲು ರೋಗವಲ್ಲ, ರೋಗದ ಲಕ್ಷಣ.

ಇನ್ನು ತಗಡಿನ ವಿಷಯ. ಡಕೋಟಾದ ಹೊದಿಕೆ ಶುದ್ಧ ಅಲ್ಯೂಮಿನಿಯಂ ಅಲ್ಲ; ನೂರಕ್ಕೆ ನಾಲ್ಕು ಭಾಗದಷ್ಟು ತಾಮ್ರ ಬೆರೆತ ಮಿಶ್ರಲೋಹ. ತಾಮ್ರದಿಂದ ಬಲ ಬಂದಿತು, ಅದರೊಂದಿಗೆ ತೇವದಲ್ಲಿ ಕೆಡುವ ಗುಣವೂ ಬಂದಿತು. ಇದನ್ನು ತಡೆಯಲು ತಗಡಿನ ಎರಡು ಮೈಗೂ ಶುದ್ಧ ಅಲ್ಯೂಮಿನಿಯಂನ ತೀರ ತೆಳುವಾದ ಪದರವನ್ನು ಹೊದಿಸುತ್ತಾರೆ. ಆ ಪದರ ತಾನು ಸವೆದು ಒಳಗಿನ ಲೋಹವನ್ನು ಕಾಯುತ್ತದೆ. ಹಳೆಯ ಬಾಗಿಲನ್ನು ಹೊಳೆಯಿಸಬೇಕೆಂಬ ಉತ್ಸಾಹದಿಂದ ಮರಳುಕಾಗದ ಹಿಡಿದು ತಿಕ್ಕುವವನು ಈ ಕಾವಲುಗಾರನನ್ನೇ ಕೊಂದುಹಾಕುತ್ತಾನೆ. ಬಾಗಿಲು ಅಂದು ಥಳಥಳಿಸುತ್ತದೆ, ಮುಂದೆ ಬೇಗನೆ ಕೆಡುತ್ತದೆ.

ಕೆಟ್ಟ ಭಾಗಕ್ಕೆ ಕಬ್ಬಿಣದ ಪಟ್ಟಿ ಬಡಿಯುವುದೂ ಸಲ್ಲದು. ಕೋಶದ ಮಾತು ಹಾಗಿರಲಿ, ಲೆಕ್ಕವನ್ನೇ ನೋಡೋಣ. ಒಂದು ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ ಅಲ್ಯೂಮಿನಿಯಂ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಭಾಗದಷ್ಟು ಹಿಗ್ಗುತ್ತದೆ, ಉಕ್ಕು 12 ಭಾಗದಷ್ಟು. ಕಲಬುರಗಿಯ ಚಳಿಗಾಲದ 15 ಡಿಗ್ರಿಯ ಬೆಳಗಿನಿಂದ ಬೇಸಿಗೆಯ 43 ಡಿಗ್ರಿಯ ಮಧ್ಯಾಹ್ನಕ್ಕೆ 28 ಡಿಗ್ರಿಗಳ ಅಂತರ. 2 ಮೀಟರ್ ಉದ್ದದ ಅಲ್ಯೂಮಿನಿಯಂ ಅಂಚು ಆಗ ಸುಮಾರು 1.3 ಮಿಲಿಮೀಟರ್ ಹಿಗ್ಗಿದರೆ, ಅಷ್ಟೇ ಉದ್ದದ ಉಕ್ಕು 0.7 ಮಿಲಿಮೀಟರ್ ಮಾತ್ರ ಹಿಗ್ಗುವುದು. ಉಳಿದ 0.6 ಮಿಲಿಮೀಟರಿನ ಜಗಳವನ್ನು ರಿವೆಟ್ಟುಗಳು ವರ್ಷವರ್ಷವೂ ತೀರಿಸಬೇಕಾಗುತ್ತದೆ. ಬಿಸಿಲಿಗೆ ಕಾದ ತಗಡು ಗಾಳಿಗಿಂತಲೂ ಬಿಸಿಯಾಗುವುದರಿಂದ ನಿಜವಾದ ಅಂತರ ಇನ್ನೂ ಹೆಚ್ಚು.

ರಿವೆಟ್ಟುಗಳ ಕಥೆಯೂ ಸ್ವಾರಸ್ಯವಾದುದು. 1906ರ ಸುಮಾರಿಗೆ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ವಿಜ್ಞಾನಿ ಇಂತಹ ಮಿಶ್ರಲೋಹವನ್ನು ಚೆನ್ನಾಗಿ ಕಾಯಿಸಿ ನೀರಿನಲ್ಲಿ ಅದ್ದಿದಾಗ ಅದು ಕೂಡಲೆ ಮೆತ್ತಗಿದ್ದು, ಸುಮ್ಮನೆ ಇಟ್ಟಲ್ಲಿಯೇ ಕೆಲವು ದಿನಗಳಲ್ಲಿ ತಾನಾಗಿ ಗಟ್ಟಿಯಾಗುವುದನ್ನು ಕಂಡನು. ಲೋಹದೊಳಗೆ ಕರಗಿದ್ದ ತಾಮ್ರದ ಪರಮಾಣುಗಳು ಮೆಲ್ಲನೆ ಗುಂಪುಗೂಡಿ, ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುವುದೇ ಇದಕ್ಕೆ ಕಾರಣ. ಗಟ್ಟಿಯಾದ ಮೇಲೆ ರಿವೆಟ್ಟನ್ನು ಬಡಿದರೆ ಸೀಳುತ್ತದೆ. ಆದುದರಿಂದ ಈ ಜಾತಿಯ ರಿವೆಟ್ಟುಗಳನ್ನು ಕಾಯಿಸಿ ಅದ್ದಿದ ಕೂಡಲೆ ಶೀತಪೆಟ್ಟಿಗೆಯಲ್ಲಿ ಇಡುತ್ತಾರೆ. ಚಳಿಯಲ್ಲಿ ಪರಮಾಣುಗಳ ಸಂಚಾರ ನಿಧಾನವಾಗುತ್ತದೆ. ಹೊರತೆಗೆದವನು ಬೇಗನೆ ಬಡಿದು ಮುಗಿಸಬೇಕು. ಒಂದು ಬಾಗಿಲಿನಲ್ಲಿ ಇಷ್ಟೊಂದು ಭೌತಶಾಸ್ತ್ರ ಅಡಗಿರುವಾಗ ಅದಕ್ಕೆ ಬಣ್ಣ ಬಳಿದು ಬೀಗ ಜಡಿಯುವುದು ಪುಸ್ತಕವನ್ನು ಅಂಟಿನಿಂದ ಮುಚ್ಚಿದಂತೆ.

ಹಳೆಯ ವಿಮಾನವನ್ನು ಉಳಿಸಿಕೊಳ್ಳುವ ಮಾರ್ಗಗಳು ಎರಡು. ಆಗ ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಡಕೋಟಾ ಚಾಲಕರಾಗಿದ್ದ ತಮ್ಮ ತಂದೆಯ ಗೌರವಾರ್ಥ ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿದ 'ಪರಶುರಾಮ' ಎಂಬ ಡಕೋಟಾ 2018ರಲ್ಲಿ ಅಲ್ಲಿಂದ ತಾನೇ ಹಾರಿಕೊಂಡು ಭಾರತಕ್ಕೆ ಬಂದು ವಾಯುಪಡೆಯನ್ನು ಸೇರಿತು. ಶ್ರೀನಗರದಲ್ಲಿ ಮೊದಲು ಇಳಿದ ಡಕೋಟಾದ ವಿಪಿ 905 ಎಂಬ ಸಂಖ್ಯೆಯನ್ನೇ ಅದಕ್ಕೆ ಇಟ್ಟರು. ಬಿಜು ಪಟ್ನಾಯಕರ ಕಳಿಂಗ ಏರ್‌ಲೈನ್ಸಿನ ಡಕೋಟಾ 2023ರ ಜನವರಿಯಲ್ಲಿ ಕೋಲ್ಕತ್ತಾದಿಂದ ಭುವನೇಶ್ವರಕ್ಕೆ ಬಂದದ್ದು ಬಿಡಿಭಾಗಗಳಾಗಿ, ಲಾರಿಗಳ ಮೇಲೆ, ಪ್ರದರ್ಶನಕ್ಕೆಂದು. ಹಾರುವ ವಿಮಾನದಲ್ಲಿ ಅನುಮಾನವಿರುವ ತಗಡನ್ನು ತೆಗೆದೊಗೆಯಲೇಬೇಕು. ಜೀವದ ಪ್ರಶ್ನೆಯಿರುವುದರಿಂದ ಪರವಾನಗಿ ಪಡೆದವರಲ್ಲದೆ ಬೇರೆಯವರು ಕೈಹಾಕಕೂಡದು. ನಿಂತ ವಿಮಾನದ ಧರ್ಮ ಇದಕ್ಕೆ ವಿರುದ್ಧವಾದುದು. ಅಲ್ಲಿ ಮೂಲ ತಗಡು, ಹಳೆಯ ಬಣ್ಣದ ಪದರ, ಯಾರೋ ಕೆಲಸಗಾರ ಬರೆದ ಸಂಖ್ಯೆ ಇವೇ ಸಾಕ್ಷ್ಯಗಳು. ತೆಗೆಯುವುದು ಆದಷ್ಟು ಕಡಮೆಯಿರಬೇಕು, ತೆಗೆದುದೆಲ್ಲವನ್ನೂ ಬರೆದಿಡಬೇಕು.

ಹಾರದ ವಿಮಾನದ ಬಾಗಿಲಿಗೆ ಇಷ್ಟೇಕೆ ಶ್ರಮ, ಶಾಲೆಯ ಮಾಳಿಗೆಗಳೇ ಸೋರುತ್ತಿರುವಾಗ, ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಸೋರುವ ಮಾಳಿಗೆಗೂ ಕೆಡುವ ಬಾಗಿಲಿಗೂ ಬೇಕಾದ ಬುದ್ಧಿ ಒಂದೇ: ನೀರು ಎಲ್ಲಿಂದ ಬರುತ್ತದೆಂದು ಮೊದಲು ನೋಡುವ ಬುದ್ಧಿ. ಮಾಳಿಗೆಯ ಮೇಲೆ ಪ್ರತಿ ವರ್ಷ ಸುಣ್ಣ ಬಳಿದು, ಪ್ರತಿ ವರ್ಷ ಸೋರಿಸಿಕೊಳ್ಳುವ ನಾವು ಆ ಬುದ್ಧಿಯನ್ನು ಎಲ್ಲಿಯಾದರೂ ಒಂದೆಡೆ ಕಲಿಯಲೇಬೇಕು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಸೇವೆಯಿಂದ ನಿವೃತ್ತವಾದ ಸೇನಾವಿಮಾನಗಳನ್ನು ಊರೂರಿಗೆ ಪ್ರದರ್ಶನಕ್ಕೆ ಕೊಡುವ ಪದ್ಧತಿ ನಮ್ಮ ದೇಶದಲ್ಲುಂಟು. ಎಲ್ಲಿಯೇ ಕೊಡಲಿ, ಅದರ ಬಾಗಿಲೊಂದನ್ನಾದರೂ ತಜ್ಞರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಅಳೆದು, ಚಿತ್ರ ಬರೆದು, ದುರಸ್ತಿಯ ದಿನಚರಿಯಿಟ್ಟು ಸರಿಪಡಿಸಲಿ. ಅಂತಹ ಅವಕಾಶ ಬರುವವರೆಗೆ ಕಲಬುರಗಿಯ ಕಾಲೇಜುಗಳೂ ಕೈಗಾರಿಕಾ ತರಬೇತಿ ಸಂಸ್ಥೆಗಳೂ ಸುಮ್ಮನೆ ಕುಳಿತಿರಬೇಕಾಗಿಲ್ಲ. ಎರಡು ಅಡಿ ಅಲ್ಯೂಮಿನಿಯಂ ತಗಡು, ಒಂದು ಹಿಡಿ ರಿವೆಟ್ಟು, ಒಂದು ಬಿಜಾಗರಿ ಇದ್ದರೆ ಬಾಗಿಲಿನ ಒಂದು ಭಾಗವನ್ನು ತಾವೇ ಕಟ್ಟಬಹುದು. ಉಪ್ಪುನೀರು ಚಿಮುಕಿಸಿ ಅದು ಎಲ್ಲಿ ಕೆಡುವುದೆಂದು ತಿಂಗಳುಗಟ್ಟಲೆ ನೋಡಬಹುದು.

ಆ ಕೆಲಸಕ್ಕೆ ಗುರುವನ್ನು ದೂರ ಹುಡುಕಬೇಕಾಗಿಯೂ ಇಲ್ಲ. ಮುಂದಿನ ವರ್ಷ ವಿದ್ಯುತ್ಕೋಶದ ಪಾಠಕ್ಕೆ ಕಮಲಾಪುರದ ಆ ಕಾಕಾ ಅವರನ್ನು ನಮ್ಮ ಪ್ರಯೋಗಶಾಲೆಗೆ ಕರೆಯಬೇಕೆಂದು ನಾವು ನಿಶ್ಚಯಿಸಿದ್ದೇವೆ. ಅವರು ಬಾಗಿಲನ್ನು ತರಲಿ. ನಾವು ಅವರಿಗೆ ವೋಲ್ಟ್‌ಮಾಪಕವನ್ನು ತೋರಿಸುತ್ತೇವೆ. ತಗಡಿಗೂ ಬೋಲ್ಟಿಗೂ ನಡುವೆ ಅದರ ಮುಳ್ಳು ಅಲುಗಿದಾಗ ಎರಡು ಕಡೆಯವರೂ ಏನನ್ನಾದರೂ ಕಲಿತಿರುತ್ತೇವೆ.